ರಕ್ತ ತೆಗೆಯುವ ಮುನ್ನ ಗಡಿಯಾರ ಓದಿ: ಪ್ರಾಣಿಗಳ ದೈನಿಕ ಲಯ ಮತ್ತು ಹಾರ್ಮೋನು ಅಧ್ಯಯನಕ್ಕೊಂದು ಕೈಪಿಡಿ

ಪ್ರಾಣಿ ಶರೀರಕ್ರಿಯೆಯ ಸಂಶೋಧನೆಗೆ ಇಳಿಯುವ ಹೊಸಬರು ಬಹುಪಾಲು ಹಾರ್ಮೋನಿನ ಅಳತೆಯಿಂದಲೇ ಶುರು ಮಾಡುತ್ತಾರೆ. ಕಿಟ್ ತರಿಸಿ, ಬೆಳಿಗ್ಗೆ ಹತ್ತಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ರಕ್ತ ತೆಗೆದು, ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ನೋಡಿ ‘ದೈನಿಕ ಲಯ ಇದೆ’ ಎಂದು ಬರೆದುಬಿಡುತ್ತಾರೆ. ಎರಡು ಬಿಂದುಗಳಿಂದ ಲಯ ತಿಳಿಯದು. ಏರಿಕೆ ಯಾವಾಗ ಶುರುವಾಯಿತು, ಶಿಖರ ಎಲ್ಲಿತ್ತು, ಅದು ದೇಹದೊಳಗಿನ ಗಡಿಯಾರದ ಕೆಲಸವೋ ದೀಪ ಹೊತ್ತಿದ್ದಕ್ಕೆ ಬಂದ ಪ್ರತಿಕ್ರಿಯೆಯೋ, ಯಾವುದಕ್ಕೂ ಅಲ್ಲಿ ಉತ್ತರವಿಲ್ಲ. ಈ ಕ್ಷೇತ್ರದಲ್ಲಿ ವರ್ಷಗಟ್ಟಲೆ ಕೆಲಸ ಮಾಡಬೇಕೆನ್ನುವವರು ಮೊದಲು ಕತ್ತಲೆಯನ್ನು ಕಟ್ಟುವುದನ್ನು ಕಲಿಯಬೇಕು, ಬಳಿಕ ಚಟುವಟಿಕೆಯ ದಾಖಲೆ ಓದುವುದನ್ನು. ಸೂಜಿ ಹಿಡಿಯುವುದು ಇವೆರಡೂ ಕೈವಶವಾದ ಮೇಲೆ.

ಹಾರ್ಮೋನಿನ ಅಳತೆ, ಚಟುವಟಿಕೆಯ ಅಳತೆ ಒಂದೇ ಕಥೆಯ ಎರಡು ಮುಖ ಎಂಬುದು 1972ರಲ್ಲೇ ಗೊತ್ತಾಯಿತು. ಆ ವರ್ಷ ಎರಡು ಪ್ರಯೋಗಾಲಯಗಳು ಪ್ರತ್ಯೇಕವಾಗಿ ರ‍್ಯಾಟ್‌ಗಳ ಹೈಪೊಥಲಾಮಸ್‌ನಲ್ಲಿರುವ ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಜೋಡಿ ಗುಚ್ಛವನ್ನು ನಾಶಮಾಡಿ ನೋಡಿದವು. ಮೂರ್ ಮತ್ತು ಐಕ್ಲರ್ ಅವರಿಗೆ ಕಾರ್ಟಿಕೋಸ್ಟೆರೋನ್ ಎಂಬ ಒತ್ತಡದ ಹಾರ್ಮೋನಿನ ಲಯ ಅಳಿದದ್ದು ಕಂಡಿತು. ಸ್ಟೀಫನ್ ಮತ್ತು ಜುಕರ್ ಅವರಿಗೆ ನೀರು ಕುಡಿಯುವ ಮತ್ತು ಚಕ್ರ ಓಡುವ ಲಯ ಅಳಿದದ್ದು ಕಂಡಿತು. ಹಾರ್ಮೋನು, ನಡವಳಿಕೆ ಎರಡಕ್ಕೂ ಯಜಮಾನ ಗಡಿಯಾರ ಒಂದೇ. ಹಾಗಾಗಿ ಪ್ರಾಣಿಗೆ ನೋವಾಗದಂತೆ, ದಿನದ 24 ಗಂಟೆಯೂ, ತಿಂಗಳುಗಟ್ಟಲೆ ಓದಬಹುದಾದ ಚಟುವಟಿಕೆಯನ್ನು ಗಡಿಯಾರದ ಮುಳ್ಳಾಗಿ ಇಟ್ಟುಕೊಂಡು, ಹಾರ್ಮೋನನ್ನು ಅದರ ಮೇಲೆ ಕೂರಿಸಬೇಕು.

ಯಾವ ಪ್ರಾಣಿ

ಪ್ರಶ್ನೆಗೆ ತಕ್ಕ ಪ್ರಾಣಿ ಬೇಕು, ಕೈಗೆ ಸಿಕ್ಕದ್ದಲ್ಲ. ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಸಿ57ಬಿಎಲ್/6 ತಳಿಯ ಇಲಿ (ಮೌಸ್) ಚಟುವಟಿಕೆಯ ಲಯಕ್ಕೆ ಒಳ್ಳೆಯದು. ಸತತ ಕತ್ತಲೆಯಲ್ಲಿ ಅದರ ಅವಧಿ, ಅಂದರೆ ಲಯದ ಒಂದು ಸುತ್ತು ಮುಗಿಯಲು ಬೇಕಾದ ಕಾಲ, ಸುಮಾರು 23.7 ಗಂಟೆ. ಆದರೆ ರಾತ್ರಿ ಏರುವ ಹಾರ್ಮೋನಾದ ಮೆಲಟೋನಿನ್ ಅಧ್ಯಯನಕ್ಕೆ ಈ ತಳಿ ಬೇಡವೇ ಬೇಡ. ಮೆಲಟೋನಿನ್ ತಯಾರಿಸುವ ಕಿಣ್ವಗಳಲ್ಲೇ ದೋಷ ಇರುವುದರಿಂದ ಅಳೆಯಲು ಸಿಗುವಷ್ಟು ಮೆಲಟೋನಿನ್ ಅದರ ರಕ್ತದಲ್ಲಿ ಇರುವುದಿಲ್ಲ. ಇದನ್ನು ತಿಳಿಯದೆ ಕಿಟ್‌ನ ಮೇಲೆ ಅನುಮಾನಪಡುತ್ತ ಕೂರುವವರಿದ್ದಾರೆ. ಮೆಲಟೋನಿನ್ ಬೇಕಿದ್ದರೆ ಸಿ3ಎಚ್ ಅಥವಾ ಸಿಬಿಎ ತಳಿಗೆ ಹೋಗಿ. ಸಿ3ಎಚ್‌ನ ಹಲವು ಉಪತಳಿಗಳಲ್ಲಿ ಅಕ್ಷಿಪಟಲದ ರಾಡ್ ಮತ್ತು ಕೋನ್ ಕೋಶಗಳು ಎಳವೆಯಲ್ಲೇ ನಶಿಸುತ್ತವೆ ಎಂಬುದು ನೆನಪಿರಲಿ. ಆದರೂ ಅವು ಬೆಳಕಿಗೆ ಗಡಿಯಾರ ಹೊಂದಿಸಿಕೊಳ್ಳುತ್ತವೆ. ಮೆಲನಾಪ್ಸಿನ್ ಎಂಬ ವರ್ಣದ್ರವ್ಯವಿರುವ ಬೇರೊಂದು ಬಗೆಯ ನರಕೋಶಗಳು, 480 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತ, ನೇರವಾಗಿ ಗಡಿಯಾರಕ್ಕೆ ಸುದ್ದಿ ಮುಟ್ಟಿಸುತ್ತವೆ.

ಸಿರಿಯನ್ ಹ್ಯಾಮ್‌ಸ್ಟರ್ ಪ್ರತಿದಿನ ಚಕ್ರದಲ್ಲಿ ಓಡಲು ಶುರು ಮಾಡುವ ಗಳಿಗೆ ಎಷ್ಟು ಕರಾರುವಾಕ್ಕೆಂದರೆ ಕಣ್ಣಳತೆಯಲ್ಲೇ ಗೆರೆ ಎಳೆಯಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪ್ರಾಣಿ ಇಲ್ಲ ಎನ್ನಬಹುದು. ಆದರೆ ಅದು ಋತುಮಾನಕ್ಕೆ ಸ್ಪಂದಿಸುವ ಪ್ರಾಣಿ. ದಿನಕ್ಕೆ ಸುಮಾರು 12.5 ಗಂಟೆಗಿಂತ ಕಡಿಮೆ ಬೆಳಕು ಸಿಕ್ಕರೆ ಕೆಲವು ವಾರಗಳಲ್ಲಿ ಗಂಡಿನ ವೃಷಣಗಳು ಕುಗ್ಗಿ ಟೆಸ್ಟೋಸ್ಟೆರೋನ್ ಇಳಿಯುತ್ತದೆ, ಅದರ ಜೊತೆಗೆ ಓಟವೂ ತಗ್ಗುತ್ತದೆ. ಆದ್ದರಿಂದ ಇದಕ್ಕೆ 14 ಗಂಟೆ ಬೆಳಕು, 10 ಗಂಟೆ ಕತ್ತಲೆ ಕೊಡಬೇಕು. ಸತತ ಕತ್ತಲೆಯಲ್ಲಿ ಬಹಳ ವಾರ ಇಟ್ಟರೂ ಇದೇ ಕುಗ್ಗುವಿಕೆ ಬರುತ್ತದೆ. ಲಿಂಗ ಹಾರ್ಮೋನು ನಿಮ್ಮ ವಿಷಯವಾದರೆ ದಾಖಲೆಯನ್ನು ಅನಗತ್ಯವಾಗಿ ಎಳೆಯಬೇಡಿ.

ಹೆಣ್ಣನ್ನು ಬಿಟ್ಟು ಗಂಡನ್ನಷ್ಟೇ ಬಳಸುವ ಹಳೆಯ ಅಭ್ಯಾಸವನ್ನು ಕೈಬಿಡುವುದೇ ಸರಿ. ಹೆಣ್ಣು ಹ್ಯಾಮ್‌ಸ್ಟರ್‌ನಲ್ಲಿ 4 ದಿನಕ್ಕೊಮ್ಮೆ, ಇಲಿಯಲ್ಲಿ 4–5 ದಿನಕ್ಕೊಮ್ಮೆ ಅಂಡಚಕ್ರ ಮರಳುತ್ತದೆ. ಹ್ಯಾಮ್‌ಸ್ಟರ್‌ನಲ್ಲಿ ಹೆಣ್ಣು ಹಾರ್ಮೋನು ಎಸ್ಟ್ರಡಯೋಲ್ ಏರಿದ ಹೊತ್ತಿಗೆ ಓಟ ಸ್ವಲ್ಪ ಬೇಗ ಶುರುವಾಗುವುದರಿಂದ ಪ್ರಾರಂಭದ ಗೆರೆ ನೇರವಾಗಿರದೆ ಸಣ್ಣ ಅಲೆಯಂತೆ ಬಳುಕುತ್ತದೆ. ಅದು ದೋಷವಲ್ಲ, ಹಾರ್ಮೋನು ಗಡಿಯಾರದ ಮೇಲೆ ಬರೆದ ಗುರುತು. ಅವಧಿ ಲೆಕ್ಕ ಹಾಕುವಾಗ ಪೂರ್ಣ ಅಂಡಚಕ್ರಗಳನ್ನೇ ತೆಗೆದುಕೊಂಡರೆ ಸಾಕು.

ಕತ್ತಲೆ ಕಟ್ಟುವುದು

ಹೆಚ್ಚಿನ ಪ್ರಯೋಗಗಳು ಕೆಡುವುದು ಇಲ್ಲಿ, ಅದಕ್ಕೇ ಇದಕ್ಕೆ ಹೆಚ್ಚು ಸಮಯ ಕೊಡಿ. ಪ್ರತಿ ಪೆಟ್ಟಿಗೆಗೂ ಪ್ರತ್ಯೇಕ ದೀಪ, ಪ್ರತ್ಯೇಕ ಟೈಮರ್, ಗಾಳಿಗೆ ಫ್ಯಾನ್ ಇರಲಿ. ಗಾಳಿಯ ಕಿಂಡಿ ನೇರವಾಗಿ ತೆರೆದಿದ್ದರೆ ಅದರಿಂದ ಬೆಳಕು ಬರುತ್ತದೆ. ಆದ್ದರಿಂದ ಒಳಗೆ ಕಪ್ಪು ಬಳಿದ, ಎರಡು ಕಡೆ ಮಡಿಚಿದ ಹಾದಿ ಮಾಡಿ. ಫ್ಯಾನ್‌ನ ಸದ್ದು ಒಂದೇ ಸಮನೆ ಇರುವುದು ಒಳ್ಳೆಯದೇ, ಹೊರಗಿನ ಹೆಜ್ಜೆ ಸಪ್ಪಳ, ಬಾಗಿಲ ಸದ್ದು ಅದರಲ್ಲಿ ಮುಚ್ಚಿಹೋಗುತ್ತದೆ.

ಬೆಳಕಿನ ಹೊತ್ತಿನಲ್ಲಿ ಪಂಜರದ ನೆಲದ ಮಟ್ಟದಲ್ಲಿ 100ರಿಂದ 300 ಲಕ್ಸ್ ಸಾಕು. ಮಾಪಕವನ್ನು ಪಂಜರದ ಒಳಗಿಟ್ಟೇ ಅಳೆಯಿರಿ. ಕಪಾಟಿನ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಬೆಳಕು ಹಲವು ಪಟ್ಟು ಬೇರೆ ಇರಬಹುದು. ನಿಯಂತ್ರಣ ಗುಂಪು ಮೇಲೆ, ಪ್ರಯೋಗದ ಗುಂಪು ಕೆಳಗೆ ಕುಳಿತರೆ ನೀವು ಔಷಧಿಯ ಪರಿಣಾಮ ಅಳೆದದ್ದಲ್ಲ, ಕಪಾಟಿನ ಪರಿಣಾಮ ಅಳೆದದ್ದು. ಲಕ್ಸ್ ಎನ್ನುವುದು ಮನುಷ್ಯನ ಹಗಲು ದೃಷ್ಟಿಗೆ ಹೊಂದಿಸಿದ ಅಳತೆ. ಬೇರೆ ಬೇರೆ ಬಣ್ಣದ ದೀಪಗಳನ್ನು ಹೋಲಿಸಬೇಕಾದಾಗ ಮೆಲನಾಪ್ಸಿನ್‌ಗೆ ತೂಗಿದ ಅಳತೆಯನ್ನೂ ಕೊಡಿ.

ಕತ್ತಲೆಯ ಪರೀಕ್ಷೆಗೆ ಯಂತ್ರಕ್ಕಿಂತ ನಿಮ್ಮ ಕಣ್ಣೇ ಮೇಲು. ದೀಪ ಆರಿಸಿ ಕೋಣೆಯೊಳಗೆ 30 ನಿಮಿಷ ಕುಳಿತುಕೊಳ್ಳಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಬಾಗಿಲ ಸಂದು, ಟೈಮರ್‌ನ ಕೆಂಪು ಚುಕ್ಕಿ, ವಿದ್ಯುತ್ ಪಟ್ಟಿಯ ಸೂಚಕ, ಕಂಪ್ಯೂಟರ್ ಪರದೆಯ ಪ್ರತಿಫಲನ ಒಂದೊಂದಾಗಿ ಕಾಣತೊಡಗುತ್ತವೆ. ಎಲ್ಲಕ್ಕೂ ಕಪ್ಪು ಟೇಪ್ ಹಚ್ಚಿ. ‘ಇಲಿಗೆ ಕೆಂಪು ಕಾಣುವುದಿಲ್ಲ’ ಎಂಬ ಮಾತನ್ನು ನಂಬಬೇಡಿ. ಕೆಂಪು ಸಾಕಷ್ಟು ಪ್ರಖರವಾಗಿದ್ದರೆ ಅದರ ಗಡಿಯಾರವೂ ಕದಲುತ್ತದೆ. ಕತ್ತಲೆಯಲ್ಲಿ ಕೆಲಸ ಮಾಡಲು ಅವಕೆಂಪು ಕನ್ನಡಕ ಬೇಕು, ದೀಪ 940 ನ್ಯಾನೋಮೀಟರ್‌ನದಾದರೆ ಉತ್ತಮ. 850ರದು ಮಂದವಾಗಿ ಕೆಂಪು ಹೊಳೆಯುತ್ತದೆ.

ಪ್ರತಿ ಪೆಟ್ಟಿಗೆಯಲ್ಲೂ ಬೆಳಕು ಮತ್ತು ಉಷ್ಣಾಂಶ ದಾಖಲಿಸುವ ಸಣ್ಣ ಲಾಗರ್ ಕಡ್ಡಾಯ. ಟೈಮರ್ ಹೇಳಿದ ಹೊತ್ತಿಗೆ ದೀಪ ಹೊತ್ತಿತು ಎಂಬುದಕ್ಕೆ ಟೈಮರ್ ಸಾಕ್ಷಿಯಲ್ಲ. ವಿದ್ಯುತ್ ಹೋಗಿ ಬಂದಾಗ ಅಗ್ಗದ ಟೈಮರ್‌ಗಳು ಹಿಂದೆ ಬೀಳುತ್ತವೆ, ನಿಮಗೆ ತಿಳಿಯುವುದು ವಾರದ ಬಳಿಕ. ದೀಪ ಹೊತ್ತಿದಾಗ ಉಷ್ಣಾಂಶ 2–3 ಡಿಗ್ರಿ ಏರಿದರೆ ಅದೂ ಒಂದು ಸಮಯಸೂಚನೆಯಾಗುತ್ತದೆ. ದೀಪದ ಬಿಸಿ ಹೊರಹೋಗುವಂತೆ ಮಾಡಿ 1 ಡಿಗ್ರಿಯೊಳಗೆ ಹಿಡಿದಿಡಿ. ಕಂಪ್ಯೂಟರ್ ಗಡಿಯಾರ ತಾನಾಗಿಯೇ ಬೇಸಿಗೆ ಸಮಯಕ್ಕೆ ಬದಲಾಗುವ ಸೌಲಭ್ಯವನ್ನು ಮೊದಲ ದಿನವೇ ತೆಗೆದುಹಾಕಿ.

ದಾಖಲೆ

ಒಂದು ಪಂಜರಕ್ಕೆ ಒಂದೇ ಪ್ರಾಣಿ. ಇಲಿಗೆ 11–12 ಸೆಂ.ಮೀ. ವ್ಯಾಸದ ಓಟದ ಚಕ್ರ, ಅದರ ಅಂಚಿಗೆ ಪುಟ್ಟ ಅಯಸ್ಕಾಂತ, ಚೌಕಟ್ಟಿಗೆ ಅಯಸ್ಕಾಂತ ಹತ್ತಿರ ಬಂದಾಗ ಸ್ಪಂದಿಸುವ ರೀಡ್ ಸ್ವಿಚ್. ಪ್ರತಿ ಸುತ್ತಿಗೂ ಒಂದು ಎಣಿಕೆ. ಎಣಿಕೆಗಳನ್ನು 1 ನಿಮಿಷದ ಲೆಕ್ಕದಲ್ಲಿ ಉಳಿಸಿ, ನೋಡುವಾಗ 6 ಅಥವಾ 10 ನಿಮಿಷಕ್ಕೆ ಕೂಡಿಸಿಕೊಳ್ಳಿ. ಮೊದಲೇ 10 ನಿಮಿಷಕ್ಕೆ ಕೂಡಿಸಿ ಉಳಿಸಿದರೆ ಮತ್ತೆ ಬಿಡಿಸಲಾಗದು. ಚಕ್ರ ಸ್ವಚ್ಛವಾದ ಗೆರೆ ಕೊಡುತ್ತದೆ ನಿಜ, ಆದರೆ ಓಟವೇ ಗಡಿಯಾರದ ಮೇಲೆ ಪ್ರಭಾವ ಬೀರುತ್ತದೆ, ಚಕ್ರವಿದ್ದ ಇಲಿಯ ಅವಧಿ ಇಲ್ಲದ ಇಲಿಗಿಂತ ತುಸು ಕಡಿಮೆ. ಒತ್ತಡದ ಹಾರ್ಮೋನು, ದೇಹತೂಕ, ಚಯಾಪಚಯ ನಿಮ್ಮ ವಿಷಯವಾದರೆ ಮೇಲ್ಭಾಗದಲ್ಲಿ ಚಲನೆ ಗುರುತಿಸುವ ಅವಕೆಂಪು ಸಂವೇದಕ ಹಾಕುವುದು ಮೇಲು. ಯಾವುದನ್ನು ಆರಿಸಿದರೂ ಎಲ್ಲ ಗುಂಪಿಗೂ ಅದೇ ಇರಲಿ.

ದಿನಕ್ಕೊಮ್ಮೆ ದಾಖಲೆ ತೆರೆದು ನೋಡಿ, ಪಂಜರವನ್ನಲ್ಲ. ಒಂದು ರಾತ್ರಿ ಎಣಿಕೆ ಸೊನ್ನೆಯಾದರೆ ಕಾರಣ ಸಾಮಾನ್ಯವಾಗಿ ಇಷ್ಟರಲ್ಲೇ ಇರುತ್ತದೆ: ಹಾಸು ಸಿಕ್ಕಿ ಚಕ್ರ ನಿಂತಿದೆ, ಅಯಸ್ಕಾಂತ ಉದುರಿದೆ, ನೀರಿನ ಬಾಟಲಿ ಸೋರಿ ಪ್ರಾಣಿ ಚಳಿಗೆ ಮುದುಡಿದೆ, ಇಲ್ಲವೇ ಪ್ರಾಣಿಗೆ ಕಾಯಿಲೆ. ಹಗಲೂ ರಾತ್ರಿ ಒಂದೇ ಸಮ ಎಣಿಕೆ ಬರುತ್ತಿದ್ದರೆ ಅಯಸ್ಕಾಂತ ಸರಿಯಾಗಿ ಸ್ವಿಚ್‌ನ ಎದುರಿಗೇ ನಿಂತು ಅಲುಗಾಡುತ್ತಿದೆ.

ಮೊದಲ 14 ದಿನ 12 ಗಂಟೆ ಬೆಳಕು, 12 ಗಂಟೆ ಕತ್ತಲೆ (ಹ್ಯಾಮ್‌ಸ್ಟರ್‌ಗೆ ಮೇಲೆ ಹೇಳಿದಂತೆ 14 ಮತ್ತು 10). ಆಮೇಲೆ 14ರಿಂದ 21 ದಿನ ಸತತ ಕತ್ತಲೆ. ಈ ಎರಡನೆಯ ಭಾಗವಿಲ್ಲದೆ ‘ಸರ್ಕೇಡಿಯನ್’ (ದೇಹದೊಳಗಿನ ಗಡಿಯಾರದಿಂದ ಬರುವ ದೈನಿಕ ಲಯ) ಎಂಬ ಪದ ಬಳಸುವಂತಿಲ್ಲ. ಬೆಳಕು ನಿಶಾಚರಿಯನ್ನು ನೇರವಾಗಿ ಅಡಗಿಸುತ್ತದೆ. ಗಡಿಯಾರವೇ ಇಲ್ಲದ ಇಲಿಯೂ ದೀಪ ಆರಿದಾಗ ಓಡಿ, ಹೊತ್ತಿದಾಗ ನಿಲ್ಲುವುದರಿಂದ ದಾಖಲೆ ಲಯಬದ್ಧವಾಗಿಯೇ ಕಾಣುತ್ತದೆ. ಇದನ್ನು ಮರೆಮಾಚುವಿಕೆ ಎನ್ನುತ್ತೇವೆ. ಪರೀಕ್ಷೆ ಸುಲಭ: ಸತತ ಕತ್ತಲೆಯಲ್ಲಿ ಓಟ ಶುರುವಾದ ಬಿಂದುಗಳ ಮೂಲಕ ಗೆರೆ ಎಳೆದು ಹಿಂದಕ್ಕೆ ಚಾಚಿ. ಅದು ಕೊನೆಯ ದಿನ ದೀಪ ಆರಿದ ಹೊತ್ತಿಗೆ ಬಂದು ಸೇರಿದರೆ ಪ್ರಾಣಿ ನಿಜವಾಗಿಯೂ ಬೆಳಕಿಗೆ ಹೊಂದಿಕೊಂಡಿತ್ತು.

ಆಹಾರ, ನೀರು, ಹಾಸು ಬದಲಿಸುವುದು ದಿನವೂ ಒಂದೇ ಹೊತ್ತಿಗೆ ಬೇಡ. ಬೆಳಿಗ್ಗೆ 9ಕ್ಕೇ ಬಾಗಿಲು ತೆರೆಯುತ್ತಿದ್ದರೆ ಸತತ ಕತ್ತಲೆಯಲ್ಲಿರುವ ಪ್ರಾಣಿಗೆ ಅದೇ ಸಮಯಸೂಚನೆ. ಆಹಾರವಂತೂ ಸದಾ ತುಂಬಿರಲಿ. ನಿಗದಿತ ಹೊತ್ತಿಗಷ್ಟೇ ಸಿಕ್ಕರೆ ಊಟಕ್ಕೆ ಮುಂಚೆ ಕಾರ್ಟಿಕೋಸ್ಟೆರೋನ್‌ನ ಇನ್ನೊಂದು ಶಿಖರ ಹುಟ್ಟಿಕೊಳ್ಳುತ್ತದೆ.

ಗೋಡೆ ಗಡಿಯಾರದಿಂದ ಪ್ರಾಣಿಯ ಗಡಿಯಾರಕ್ಕೆ

ದಾಖಲೆಯನ್ನು ಆಕ್ಟೋಗ್ರಾಮ್ ಎಂಬ ಚಟುವಟಿಕೆಯ ನಕ್ಷೆಯಾಗಿ ಬರೆಯಿರಿ: ಪ್ರತಿ ಸಾಲಿನಲ್ಲಿ ಎರಡು ದಿನ, ಎರಡನೆಯ ದಿನ ಮುಂದಿನ ಸಾಲಿನ ಶುರುವಿನಲ್ಲಿ ಮತ್ತೆ. ಹೀಗೆ ಜೋಡಿಸಿದರೆ ಮಧ್ಯರಾತ್ರಿ ದಾಟಿದ ಚಟುವಟಿಕೆ ತುಂಡಾಗದು. ಒಂದು ಇಲಿ ಸತತ ಕತ್ತಲೆಯ 1ನೇ ದಿನ 18:00ಕ್ಕೆ, 11ನೇ ದಿನ 15:30ಕ್ಕೆ ಓಟ ಶುರು ಮಾಡಿತು ಎನ್ನಿ. 10 ಆವರ್ತಗಳಲ್ಲಿ 150 ನಿಮಿಷ ಮುಂದೆ ಬಂದಿದೆ, ಅಂದರೆ ದಿನಕ್ಕೆ 15 ನಿಮಿಷ. ಅವಧಿ 23 ಗಂಟೆ 45 ನಿಮಿಷ. ಕೊನೆಯ ಎರಡು ಬಿಂದುಗಳನ್ನಷ್ಟೇ ನಂಬದೆ ಎಲ್ಲ ದಿನಗಳ ಮೂಲಕ ಗೆರೆ ಹೊಂದಿಸಿ, ಜೊತೆಗೆ ಅವಧಿ ಹುಡುಕುವ ಕೈ-ವರ್ಗ (chi-square) ಪೀರಿಯಡೋಗ್ರಾಮ್ ಲೆಕ್ಕದಿಂದಲೂ ತೆಗೆಯಿರಿ. 10 ದಿನಕ್ಕಿಂತ ಕಡಿಮೆ ದಾಖಲೆಗೆ ಅದನ್ನು ಹಾಕಬೇಡಿ. ಎರಡು ವಿಧಾನದ ಉತ್ತರಗಳಲ್ಲಿ ದೊಡ್ಡ ಅಂತರ ಬಂದರೆ ಆಕ್ಟೋಗ್ರಾಮ್ ಕಣ್ಣಾರೆ ನೋಡಿ. ತಂತ್ರಾಂಶಕ್ಕಿಂತ ಕಣ್ಣು ಸರಿಯಿರುವ ಸಂದರ್ಭಗಳು ಬಹಳ.

12:12ರ ಬೆಳಕು–ಕತ್ತಲೆಯ ಚಕ್ರದಲ್ಲಿರುವಾಗ ಹೊತ್ತನ್ನು ದೀಪದಿಂದ ಎಣಿಸುವ ಅಳತೆ ಝಡ್‌ಟಿ: ದೀಪ ಹೊತ್ತುವ ಗಳಿಗೆ ಝಡ್‌ಟಿ 0, ಆರುವುದು ಝಡ್‌ಟಿ 12. ಸತತ ಕತ್ತಲೆಯಲ್ಲಿ ನಿಶಾಚರಿಯ ಓಟ ಶುರುವಾಗುವ ಗಳಿಗೆಯೇ ಸಿಟಿ (ಪ್ರಾಣಿಯ ಒಳಗಿನ ಗಡಿಯಾರದ ಸಮಯ) 12. ಸಿಟಿ ಗಂಟೆ ನಮ್ಮ ಗಂಟೆಯಲ್ಲ, ಪ್ರಾಣಿಯ ಅವಧಿಯ 24ನೇ ಒಂದು ಭಾಗ. ಮೇಲಿನ ಇಲಿಗೆ ಅದು ಸುಮಾರು 59.4 ನಿಮಿಷ. ಸಿಟಿ 16ಕ್ಕೆ ರಕ್ತ ಬೇಕಾದರೆ ಆ ದಿನದ ಓಟ ಶುರುವಾಗುವ ಗಳಿಗೆಯನ್ನು ಗೆರೆಯಿಂದ ಊಹಿಸಿ, ಅದಕ್ಕೆ 4 ಸಿಟಿ ಗಂಟೆ, ಅಂದರೆ ಸುಮಾರು 3 ಗಂಟೆ 57 ನಿಮಿಷ ಸೇರಿಸಿ.

ಮೂರು ನಿಮಿಷದ ವ್ಯತ್ಯಾಸಕ್ಕೆ ಇಷ್ಟೆಲ್ಲ ಏಕೆ ಎನಿಸಬಹುದು. ಅಪಾಯ ಇರುವುದು ಬೇರೆಡೆ. ಒಂದು ಪ್ರಾಣಿಯ ಅವಧಿ 23.5 ಗಂಟೆ, ಇನ್ನೊಂದರದು 23.9 ಎನ್ನಿ. ದಿನಕ್ಕೆ 24 ನಿಮಿಷದ ಅಂತರ 14 ದಿನದಲ್ಲಿ 5 ಗಂಟೆ 36 ನಿಮಿಷವಾಗುತ್ತದೆ. ಇವೆರಡರ ರಕ್ತವನ್ನೂ ಗೋಡೆ ಗಡಿಯಾರ ನೋಡಿ ಒಂದೇ ಹೊತ್ತಿಗೆ ತೆಗೆದು ಸರಾಸರಿ ಮಾಡಿದರೆ, ಒಂದರ ಶಿಖರದ ಮೇಲೆ ಇನ್ನೊಂದರ ತಗ್ಗು ಬಿದ್ದು ಲಯವೇ ಚಪ್ಪಟೆಯಾಗುತ್ತದೆ. ‘ಸತತ ಕತ್ತಲೆಯಲ್ಲಿ ಹಾರ್ಮೋನು ಲಯ ಕಳೆದುಹೋಯಿತು’ ಎಂದು ತಪ್ಪಾಗಿ ತೀರ್ಮಾನಿಸಲು ಇಷ್ಟು ಸಾಕು. ಪ್ರತಿ ಪ್ರಾಣಿಗೂ ಅದರದೇ ವೇಳಾಪಟ್ಟಿ ಮಾಡುವ ವ್ಯವಧಾನ ಇಲ್ಲದಿದ್ದರೆ ಕತ್ತಲೆಗೆ ಬಿಟ್ಟ ಎರಡನೆಯ ದಿನವೇ ಮಾದರಿ ತೆಗೆಯಿರಿ. ಅಷ್ಟರಲ್ಲಿ ಪ್ರಾಣಿಗಳು ಹೆಚ್ಚು ಚದುರಿರುವುದಿಲ್ಲ.

ಮಾದರಿ ತೆಗೆಯುವುದು

ಮೆಲಟೋನಿನ್ ಹಗಲು ಪ್ರಾಣಿಯಲ್ಲೂ ನಿಶಾಚರಿಯಲ್ಲೂ ರಾತ್ರಿಯೇ ಏರುತ್ತದೆ. ಕಾರ್ಟಿಕೋಸ್ಟೆರೋನ್‌ನಂಥ ಒತ್ತಡದ ಹಾರ್ಮೋನುಗಳಾದ ಗ್ಲೂಕೋಕಾರ್ಟಿಕಾಯ್ಡ್‌ಗಳು ಹಾಗಲ್ಲ, ಅವುಗಳ ಶಿಖರ ಆಯಾ ಪ್ರಾಣಿ ಚುರುಕಾಗುವ ಹೊತ್ತಿಗೆ ಬರುತ್ತದೆ: ಇಲಿ, ರ‍್ಯಾಟ್‌ಗಳಲ್ಲಿ ಸಂಜೆ, ದೀಪ ಆರುವ ಆಸುಪಾಸು, ಹಗಲು ಪ್ರಾಣಿಗಳಲ್ಲಿ ಬೆಳಗಿನ ಜಾವ. ಜೊತೆಗೆ ಅವು ಹೆಚ್ಚುಕಡಿಮೆ ಗಂಟೆಗೊಮ್ಮೆ ಸಣ್ಣ ಮಿಡಿತಗಳಾಗಿ ಬಿಡುಗಡೆಯಾಗುತ್ತವೆ. ಹೀಗಾಗಿ ಒಂದು ಹೊತ್ತಿಗೆ ಎರಡು ಮೂರು ಪ್ರಾಣಿ ಇಟ್ಟರೆ ಮಿಡಿತದ ಏರಿಳಿತವೇ ಲಯದಂತೆ ಕಾಣಬಹುದು. ಹೊತ್ತಿಗೆ ಕನಿಷ್ಠ 5–6 ಪ್ರಾಣಿ ಬೇಕು. 4 ಗಂಟೆಗೊಮ್ಮೆ ತೆಗೆಯುವುದು ಕನಿಷ್ಠ ಮಟ್ಟ. ಸಾಧ್ಯವಿದ್ದರೆ 2 ಗಂಟೆಗೊಮ್ಮೆ, 48 ಗಂಟೆ. ಎರಡನೆಯ ದಿನ ಅದೇ ಆಕಾರ ಮರಳಿದಾಗ ಮಾತ್ರ ಲಯ ಎನ್ನಲು ಬಲ ಬರುತ್ತದೆ.

ರಕ್ತದ ಪ್ರಮಾಣವೇ ದೊಡ್ಡ ಅಡ್ಡಿ. 25 ಗ್ರಾಂ ಇಲಿಯ ಮೈಯಲ್ಲಿ ಒಟ್ಟು ಸುಮಾರು 1.8 ಮಿ.ಲೀ. ರಕ್ತ. ಒಂದು ಸಲಕ್ಕೆ ತೆಗೆಯಬಹುದಾದ ಮಿತಿ ಸಾಮಾನ್ಯವಾಗಿ 10 ಪ್ರತಿಶತ, ಅಂದರೆ 180 ಮೈಕ್ರೋಲೀಟರ್. ಮತ್ತೆ ಮತ್ತೆ ತೆಗೆಯುವುದಾದರೆ ಮಿತಿ ಇನ್ನೂ ಬಹಳ ಕೆಳಗೆ. ಒಂದೇ ಇಲಿಯಿಂದ ದಿನವಿಡೀ ರಕ್ತ ತೆಗೆಯುವ ಯೋಜನೆಯನ್ನು ಪ್ರಾಣಿ ನೈತಿಕ ಸಮಿತಿ ಒಪ್ಪುವುದು ಕಷ್ಟ, ಒಪ್ಪಿದರೂ ಕೊನೆಯ ಮಾದರಿಗಳಲ್ಲಿ ನೀವು ಅಳೆಯುವುದು ರಕ್ತಹಾನಿಯ ಒತ್ತಡವನ್ನು. ಬೇರೆ ಬೇರೆ ಪ್ರಾಣಿಗಳನ್ನು ಬೇರೆ ಬೇರೆ ಹೊತ್ತಿಗೆ ಹಂಚುವುದೇ ದಾರಿ.

ಕಾರ್ಟಿಕೋಸ್ಟೆರೋನ್‌ಗೆ ಪಂಜರ ಮುಟ್ಟಿದ ಕ್ಷಣದಿಂದ 3 ನಿಮಿಷದೊಳಗೆ ರಕ್ತ ಟ್ಯೂಬಿನಲ್ಲಿರಬೇಕು. ಆಮೇಲೆ ಹಿಡಿದ ಗಾಬರಿಯೇ ಮಟ್ಟವನ್ನು ಏರಿಸುತ್ತದೆ. ಕೆಲಸ ಹೀಗೆ ಸಾಗಲಿ:

1. ಹಿಂದಿನ ದಿನವೇ ಪಂಜರಗಳ ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಿ. ಯಾವಾಗಲೂ ಬಾಗಿಲಿನ ಪಕ್ಕದ್ದೇ ಮೊದಲಾಗಬಾರದು.
2. ಒಂದೊಂದು ಪ್ರಾಣಿಯನ್ನೇ ಪಕ್ಕದ ಕೋಣೆಗೆ ತನ್ನಿ. ಉಳಿದವಕ್ಕೆ ಅದರ ಸದ್ದು, ರಕ್ತದ ವಾಸನೆ ತಲುಪಬಾರದು.
3. ನಿಲ್ಲಿಸುಗಡಿಯಾರ ಒತ್ತಿ, ರಕ್ತ ಸಿಕ್ಕ ಕ್ಷಣವನ್ನು ಪ್ರತಿ ಮಾದರಿಗೂ ಬರೆದುಕೊಳ್ಳಿ. 3 ನಿಮಿಷ ಮೀರಿದ್ದನ್ನು ಗುರುತು ಮಾಡಿ, ಫಲಿತಾಂಶ ನೋಡಿದ ಮೇಲೆ ಅಲ್ಲ, ಆಗಲೇ.
4. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಟ್ಯೂಬು, ಮಂಜುಗಡ್ಡೆ, 4 ಡಿಗ್ರಿಯಲ್ಲಿ 2000 ಜಿ ಬಲಕ್ಕೆ 10 ನಿಮಿಷ ಸೆಂಟ್ರಿಫ್ಯೂಜ್. ಪ್ಲಾಸ್ಮಾವನ್ನು ಸಣ್ಣ ಪಾಲುಗಳಾಗಿ ಮೈನಸ್ 80 ಡಿಗ್ರಿಗೆ. ಒಂದೇ ಪಾಲನ್ನು ಮತ್ತೆ ಮತ್ತೆ ಕರಗಿಸಬೇಡಿ.

ಅರಿವಳಿಕೆ ಕೊಟ್ಟರೆ ಸಮಸ್ಯೆ ತೀರಿತು ಎಂದುಕೊಳ್ಳಬೇಡಿ. ಅರಿವಳಿಕೆಯೂ ಒತ್ತಡದ ಹಾರ್ಮೋನನ್ನು ಕದಲಿಸುತ್ತದೆ. ಮೆಲಟೋನಿನ್‌ನ ಸಂಕಟ ಬೇರೆ: ರಾತ್ರಿ ಮಾದರಿ ತೆಗೆಯುವಾಗ ಬಾಗಿಲ ಸಂದಿನಿಂದ ಬಿದ್ದ ಬೆಳಕು ಕೆಲವೇ ನಿಮಿಷಗಳಲ್ಲಿ ಅದನ್ನು ಕುಸಿಯುವಂತೆ ಮಾಡಬಲ್ಲದು. ರಾತ್ರಿಯ ನಡುವೆ ಒಂದೇ ಒಂದು ಹೊತ್ತಿನಲ್ಲಿ ಮೆಲಟೋನಿನ್ ತಗ್ಗಿ ಮತ್ತೆ ಏರಿದ್ದರೆ ಜೀವವಿಜ್ಞಾನ ಹುಡುಕುವ ಮೊದಲು ಬೆಳಕಿನ ಲಾಗರ್ ನೋಡಿ.

ಪ್ರಾಣಿಯನ್ನು ಮುಟ್ಟದೆ ಅಳೆಯಬೇಕೆಂದರೆ ಹಿಕ್ಕೆಯಲ್ಲಿ ಗ್ಲೂಕೋಕಾರ್ಟಿಕಾಯ್ಡ್ ಚಯಾಪಚಯ ವಸ್ತುಗಳನ್ನು, ಮೂತ್ರದಲ್ಲಿ ಮೆಲಟೋನಿನ್‌ನ ಚಯಾಪಚಯ ವಸ್ತುವಾದ 6-ಸಲ್ಫಟಾಕ್ಸಿಮೆಲಟೋನಿನ್ ಅನ್ನು ಅಳೆಯಬಹುದು. ಹಿಕ್ಕೆ ಹೇಳುವುದು ಹಲವು ಗಂಟೆ ಹಿಂದಿನ ಸುದ್ದಿ. ಆ ವಿಳಂಬವೂ ಕರುಳಿನ ಚಲನೆಗೆ ತಕ್ಕಂತೆ ಹಗಲು ರಾತ್ರಿ ಬದಲಾಗುತ್ತದೆ. ಶಿಖರದ ನಿಖರ ಹೊತ್ತು ಹೇಳಲು ಅದು ಒದಗದು, ಗುಂಪುಗಳ ಒಟ್ಟು ಮಟ್ಟ ಹೋಲಿಸಲು ಚೆನ್ನಾಗಿ ಒದಗುತ್ತದೆ.

ಎಲೈಸಾ ಮತ್ತು ಲೆಕ್ಕ

ಪ್ರತಿಕಾಯ ಬಳಸಿ ಹಾರ್ಮೋನು ಅಳೆಯುವ ವಿಧಾನ ಎಲೈಸಾ. ಅದರಲ್ಲಿ ಹಗಲಿನ ಮಾದರಿಗಳನ್ನು ಒಂದು ತಟ್ಟೆಗೆ, ರಾತ್ರಿಯವನ್ನು ಇನ್ನೊಂದಕ್ಕೆ ಹಾಕಬೇಡಿ. ತಟ್ಟೆಯಿಂದ ತಟ್ಟೆಗೆ ಇರುವ ವ್ಯತ್ಯಾಸ ಆಗ ಹಗಲು–ರಾತ್ರಿಯ ವ್ಯತ್ಯಾಸದ ವೇಷ ತೊಡುತ್ತದೆ. ಪ್ರತಿ ತಟ್ಟೆಯಲ್ಲೂ ಎಲ್ಲ ಹೊತ್ತಿನ, ಎಲ್ಲ ಗುಂಪಿನ ಮಾದರಿ ಇರಲಿ. ಪ್ರತಿ ಮಾದರಿ ತಟ್ಟೆಯ ಎರಡು ಗುಳಿಗಳಲ್ಲಿ. ಎರಡರ ನಡುವಿನ ವ್ಯತ್ಯಾಸದ ಗುಣಾಂಕ 10 ಪ್ರತಿಶತ ಮೀರಿದರೆ ಮತ್ತೆ ಮಾಡಿ. ಹೊಸ ಪ್ರಾಣಿಗೆ ಕಿಟ್ ಬಳಸುವ ಮೊದಲು ಪ್ಲಾಸ್ಮಾವನ್ನು 2, 4, 8, 16 ಪಟ್ಟು ತೆಳುಮಾಡಿ, ಬಂದ ಗೆರೆ ಮಾನಕದ (ಪ್ರಮಾಣ ಮೊದಲೇ ಗೊತ್ತಿರುವ ಮಾದರಿಗಳ) ಗೆರೆಗೆ ಸಮಾಂತರವಾಗಿದೆಯೇ ಪರೀಕ್ಷಿಸಿ. ಸಮಾಂತರವಿಲ್ಲದಿದ್ದರೆ ಪ್ಲಾಸ್ಮಾದಲ್ಲಿ ಬೇರೇನೋ ಅಡ್ಡಬರುತ್ತಿದೆ, ಆ ಸಂಖ್ಯೆಗಳು ಎಷ್ಟೇ ಅಂದವಾಗಿದ್ದರೂ ಬಿಡಬೇಕು. ಶಿಖರದ ಹೊತ್ತಿನ ಮಾದರಿಗಳು ಮಾನಕ ಗೆರೆಯ ಮೇಲ್ತುದಿಯ ಚಪ್ಪಟೆ ಭಾಗಕ್ಕೆ ಬೀಳುವುದು ಸಾಮಾನ್ಯ. ಅವನ್ನು ಹೆಚ್ಚು ತೆಳುಮಾಡಿ ಓಡಿಸದಿದ್ದರೆ ಲಯದ ಎತ್ತರವನ್ನು ನೀವೇ ಕತ್ತರಿಸಿದಂತೆ.

ಲೆಕ್ಕಕ್ಕೆ ಕೊಸೈನರ್ ವಿಧಾನ ಚಾಲ್ತಿಯಲ್ಲಿದೆ. ಅದು ದತ್ತಾಂಶಕ್ಕೆ ಕೊಸೈನ್ ಅಲೆ ಹೊಂದಿಸಿ ಸರಾಸರಿ ಮಟ್ಟ, ವೈಶಾಲ್ಯ, ಶಿಖರದ ಹೊತ್ತು ಕೊಡುತ್ತದೆ. ರಾತ್ರಿ ಥಟ್ಟನೆ ಏರಿ ಬೆಳಗಿನ ಜಾವ ಥಟ್ಟನೆ ಇಳಿಯುವ ಮೆಲಟೋನಿನ್ ಮಾತ್ರ ಕೊಸೈನ್‌ನಂತಿಲ್ಲ. ಅದಕ್ಕೆ ಏರಿಕೆಯ ಹೊತ್ತು, ಇಳಿಕೆಯ ಹೊತ್ತು, ನಡುವಿನ ಅವಧಿ ಇವನ್ನು ನೇರವಾಗಿ ವರದಿ ಮಾಡುವುದು ಹೆಚ್ಚು ಪ್ರಾಮಾಣಿಕ. ಶಿಖರದ ಹೊತ್ತುಗಳಿಗೆ ಮಾಮೂಲಿ ಸರಾಸರಿ ತೆಗೆಯಬೇಡಿ. 23:00 ಮತ್ತು 01:00ರ ಸರಾಸರಿ ಮಧ್ಯಾಹ್ನ 12 ಎಂದು ಬರುತ್ತದೆ. 24 ಗಂಟೆಯನ್ನು ವೃತ್ತವಾಗಿ ನೋಡುವ ವೃತ್ತೀಯ ಸಂಖ್ಯಾಶಾಸ್ತ್ರ ಬಳಸಬೇಕು.

ಗುಂಪಿನಿಂದ ಹೊರಗೆ ನಿಂತ ಪ್ರಾಣಿಯನ್ನು ಅಳಿಸುವ ಮೊದಲು ಅದರ ಆಕ್ಟೋಗ್ರಾಮ್ ಮತ್ತೊಮ್ಮೆ ನೋಡಿ. ಹಾಗೆ ಪ್ರತ್ಯೇಕ ನಿಂತ ಒಂದು ಗಂಡು ಹ್ಯಾಮ್‌ಸ್ಟರ್‌ನ ಅವಧಿ ಸುಮಾರು 22 ಗಂಟೆ ಇತ್ತು. ಅದನ್ನು ಉಪಕರಣದ ತಪ್ಪೆಂದು ಬದಿಗಿಡದೆ ಸಂತಾನ ಪಡೆದು ನೋಡಿದ್ದರಿಂದ 1988ರಲ್ಲಿ ರಾಲ್ಫ್ ಮತ್ತು ಮೆನಾಕರ್ ಅವಧಿಯನ್ನು ಗಿಡ್ಡಮಾಡುವ ಟಾವ್ ಎಂಬ ಜೀನ್ ರೂಪಾಂತರವನ್ನು ವರದಿ ಮಾಡಿದರು. ಜೀನಿನ ಎರಡೂ ಪ್ರತಿ ರೂಪಾಂತರಗೊಂಡ ಹ್ಯಾಮ್‌ಸ್ಟರ್‌ನ ದಿನ ಸುಮಾರು 20 ಗಂಟೆ. 1990ರಲ್ಲಿ ಇದೇ ಹ್ಯಾಮ್‌ಸ್ಟರ್‌ಗಳ ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಅಂಗಾಂಶವನ್ನು ಗಡಿಯಾರ ಕಳೆದುಕೊಂಡ ಪ್ರಾಣಿಗಳಿಗೆ ಕಸಿ ಮಾಡಿದಾಗ, ಮರಳಿ ಬಂದ ಲಯದ ಅವಧಿ ದಾನಿಯದಾಗಿತ್ತು. ಆದ್ದರಿಂದ ಕಚ್ಚಾ ದಾಖಲೆ, ಬೆಳಕಿನ ಲಾಗರ್ ಕಡತ, ಪಂಜರ ಸಂಖ್ಯೆ, ಹಾಸು ಬದಲಿಸಿದ ಹೊತ್ತು ಎಲ್ಲವನ್ನೂ ಒಂದೇ ಕಡತಕೋಶದಲ್ಲಿ, ಯಾವ ತಂತ್ರಾಂಶದಲ್ಲೂ ತೆರೆಯಬಹುದಾದ ಸರಳ ಪಠ್ಯರೂಪದಲ್ಲಿ ಉಳಿಸಿ. ಪ್ರತಿ ಪ್ರಾಣಿಯ ಆಕ್ಟೋಗ್ರಾಮನ್ನೂ ಪ್ರಬಂಧದ ಪೂರಕ ಭಾಗದಲ್ಲಿ ಕೊಡಿ, ಚೆನ್ನಾಗಿ ಬಂದ ಒಂದನ್ನಷ್ಟೇ ಅಲ್ಲ.